ಏರಿನ ಮೇಲಿನ ಮುಚ್ಚಿದ ಕಿಟಕಿ

ಕನ್ನಡಕದವರು ಮತ್ತೆ ಹಾಳೆ ತಿರುವಿದರು.

ಬ್ರೇಕ್ ಒತ್ತುತ್ತ, ಸೈಕಲ್ ಹ್ಯಾಂಡಲಿನ ಪುಟ್ಟ ಕನ್ನಡಿಯಲ್ಲಿ ಕಥೆಯಕ್ಕ ಅದನ್ನು ಕಂಡಳು. ಗಡಿಯಾರ ಗೋಪುರದ ಬಳಿ ಒಂದು ಹಾಳೆ, ಕಲ್ಲುಸೇತುವೆಯ ಬಳಿ ಇನ್ನೊಂದು. ಅವಳು ಬಾಯಿ ತೆರೆಯುವ ಮೊದಲೇ ಹಾಳೆ ತಿರುವಿ, ಪೆನ್ಸಿಲ್ ಹಿಡಿದು ಕಾಯುತ್ತಿದ್ದರು. ಪುಸ್ತಕಕ್ಕೆ ಹಳೆಯ ಪತ್ರಿಕೆಯ ಹೊದಿಕೆ. ಅಂಕ ಹಾಕುವ ಪುಸ್ತಕವೇ ಸರಿ, ಎಂದುಕೊಂಡಳು.

ಬೆಳಿಗ್ಗೆ ಶೆಡ್ಡಿನಲ್ಲಿ ಬ್ಯಾಟರಿ ಸೈಕಲ್ಲುಗಳ ಚಾರ್ಜರ್ ಕೀಳುತ್ತ ತಮ್ಮ ಹೇಳಿದ್ದ.

"ಅಕ್ಕಾ, ಇವತ್ತು ಬರೋ ಐದು ಜನದಲ್ಲಿ ಒಬ್ಬರು ಪುರಸಭೆ ಪರೀಕ್ಷಕರಂತೆ. ಗುಟ್ಟಾಗಿ ಬರ್ತಾರೆ. ನಿನ್ನ ಲೈಸೆನ್ಸು ಅವರ ಕೈಲಿದೆ. ಒಂದು ಸುಳ್ಳು ಹೇಳಿದ್ರೂ ಮುಗೀತು."

"ನಾನೆಲ್ಲೋ ಸುಳ್ಳು ಹೇಳ್ತೀನಿ?"

"ಕಿಟಕಿ ಹತ್ರ."

ಕಥೆಯಕ್ಕ ಟೈರು ಒತ್ತಿ ಗಾಳಿ ನೋಡತೊಡಗಿದಳು.

ಬೆಟ್ಟದ ಆ ಹಳೆಯ ಊರನ್ನು ಬ್ಯಾಟರಿ ಸೈಕಲ್ಲಿನಲ್ಲಿ ಸುತ್ತಿಸಿ ತೋರಿಸುವುದು ಅವಳ ಕೆಲಸ. ಏಳು ಕಡೆ ನಿಲ್ಲಬೇಕು. ಆರರ ಇತಿಹಾಸ ಅವಳಿಗೆ ಅಂಗೈಗೆರೆಯಷ್ಟು ಗೊತ್ತು. ಏಳನೆಯದು ಅತಿ ಕಡಿದಾದ ಏರಿನ ನೆತ್ತಿಯಲ್ಲಿದ್ದ, ಕಲ್ಲು ತುಂಬಿ ಮುಚ್ಚಿದ ಒಂದು ಕಿಟಕಿ. ಅದರ ಇತಿಹಾಸ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆದರೆ ಮೋಟಾರು ಎಷ್ಟೇ ತಳ್ಳಲಿ, ಆ ಏರು ಹತ್ತಿದವರಿಗೆ ಏದುಸಿರು ತಪ್ಪದು. ಎಂಟು ವರ್ಷದ ಹಿಂದೆ ಒಬ್ಬ ದಢೂತಿ ಮನುಷ್ಯ ಅಲ್ಲಿ ಕುಸಿದು ಕೂತಾಗ, ಆತ ಸುಧಾರಿಸಿಕೊಳ್ಳಲಿ ಎಂದು ಕಥೆಯಕ್ಕ ಕಿಟಕಿಗೊಂದು ಕಥೆ ಕಟ್ಟಿದ್ದಳು. ಸರಿಯಾಗಿ ದಣಿವಾರುವಷ್ಟು ಉದ್ದ. ನಟ್ಟನಡುವೆ ನಿಲ್ಲಿಸಿ, "ಈಗ ಎಲ್ಲರೂ ನೀರು ಕುಡೀರಿ. ಗುಟುಕು ಗುಟುಕಾಗಿ, ಗಟಗಟ ಬೇಡ" ಎನ್ನುವಳು. ಮತ್ತೆ ಮುಂದುವರಿಸುವಳು. ಅಂದಿನಿಂದ ಅವಳಿಗೆ ಕಥೆಯಕ್ಕ ಎಂಬ ಹೆಸರೇ ಅಂಟಿತು. ಕೇಳಿದವರು ಕಣ್ಣೊರೆಸಿಕೊಂಡರು. ಕೆಲವರು ಕಿಟಕಿಗೆ ಕೈಮುಗಿದರು. ಒಬ್ಬ ಹೆಂಗಸಂತೂ ಇವಳು ಸೀನಿದ್ದನ್ನೂ ಬಿಡದೆ ಬರೆದುಕೊಂಡು ಹೋಗಿದ್ದಳು.

ದಿನವೂ ಸಂಜೆ ದೇವರ ಮುಂದೆ ಕಥೆಯಕ್ಕ ತಲೆ ತಗ್ಗಿಸುತ್ತಿದ್ದಳು. "ತಪ್ಪಾಯ್ತು ತಂದೆ. ನಾಳೆಯಿಂದ ಹೇಳಲ್ಲ."

ಆ ನಾಳೆ ಇವತ್ತು ಬಂದಿತ್ತು. ಲೈಸೆನ್ಸು ಹೋದರೆ ಅವಳಿಗೆ ಉಳಿಯುವುದು ಶೆಡ್ಡು, ಬಕೆಟ್ಟು, ಕೆಸರು ಮೆತ್ತಿದ ಚಕ್ರಗಳು. ಏರಿನ ತುದಿಯಲ್ಲಿ ದೇವರೇ ಮುಖ ಸವರಿದಂತೆ ಬರುವ ಆ ಗಾಳಿ ಬೇರೆಯವರ ಪಾಲು.

ಏರು ಶುರುವಾಯಿತು. ಹೊಸದಾಗಿ ಮದುವೆಯಾದ ಜೋಡಿ ಮುಂದೆ ಹೋಯಿತು. ಹಿಂದೆ ಎಪ್ಪತ್ತು ದಾಟಿದ ಅಜ್ಜಿ, ಅವರ ಅಳಿಯ.

"ನಿನ್ನ ಮೋಟಾರು ಬಂಗಾರ ಕಣಮ್ಮ," ಅಜ್ಜಿ ಕೂಗಿದರು. "ಗೊಣಗದೆ ತಳ್ಳುತ್ತೆ. ಇಂಥ ಅಳಿಯ ಸಿಗಬೇಕಿತ್ತು."

"ಅತ್ತೆ, ನನಗೆ ಕೇಳಿಸ್ತು."

"ಕೇಳಿಸ್ಲಿ ಅಂತಾನೇ ಅಂದೆ."

ಕಿಟಕಿ ಬಂತು. ಕನ್ನಡಕದವರು ಏದುಸಿರು ಬಿಡುತ್ತಲೇ ಹಾಳೆ ತಿರುವಿದರು.

"ಈ ಕಿಟಕಿ ಯಾಕೆ ಮುಚ್ಚಿದಾರೆ?"

"ಗೊತ್ತಿಲ್ಲ ಸಾರ್. ಯಾರಿಗೂ ಗೊತ್ತಿಲ್ಲ."

"ಯಾರಿಗೂ?"

"ದೇವರಿಗೆ ಗೊತ್ತಿರಬಹುದು."

ಅವರು ಪುಸ್ತಕ ನೋಡಿದರು, ಕಿಟಕಿ ನೋಡಿದರು, ಅವಳನ್ನು ನೋಡಿದರು. "ಚೆನ್ನಾಗಿ ಯೋಚಿಸಿ ಹೇಳಿ."

"ರಾತ್ರಿ ಹಗಲು ಯೋಚಿಸೇ ಹೇಳ್ತಿದೀನಿ ಸಾರ್."

"ಅಲ್ಲಮ್ಮಾ," ಅಜ್ಜಿ ನಡುವೆ ಬಾಯಿ ಹಾಕಿದರು, "ಹೋದ ವರ್ಷ ನನ್ನ ತಂಗಿ ಇಲ್ಲೇನೋ ಕಥೆ ಕೇಳಿ ಅತ್ತುಬಿಟ್ಲಂತೆ!"

"ಬೇರೆ ಊರಿರಬೇಕಮ್ಮಾ. ಹೊರಡೋಣ."

ಯಾರ ಉಸಿರೂ ತಹಬಂದಿಗೆ ಬಂದಿರಲಿಲ್ಲ. ಕನ್ನಡಕದವರ ಪೆನ್ಸಿಲ್ ಒಂದು ಗೀಟು ಎಳೆಯಿತು. ಇಳಿಜಾರಿನಲ್ಲಿ ಕಥೆಯಕ್ಕನ ಮನಸ್ಸು ಸೈಕಲ್ಲಿಗಿಂತ ಹಗುರವಾಗಿತ್ತು.

ಶೆಡ್ಡಿನಲ್ಲಿ ಹೆಲ್ಮೆಟ್ ತೆಗೆದು ಕನ್ನಡಕದವರು ಗುರುತಿನ ಚೀಟಿ ತೋರಿಸಿದರು. ಪರೀಕ್ಷಕರೇ.

"ಆರು ಸರಿ. ಕಿಟಕಿಗೆ ಸೊನ್ನೆ. ಏಳೂ ಸರಿ ಇರ್ಬೇಕಮ್ಮ. ಕ್ಷಮಿಸಿ."

"ನಾನು ನಿಜಾನೇ ಹೇಳಿದೆನಲ್ಲ ಸಾರ್!"

"ಆ ಕಿಟಕಿಗೆ ಇತಿಹಾಸ ಇದೆ. ಪುರಸಭೆ ಈ ಪುಸ್ತಕದಲ್ಲೇ ಅಚ್ಚು ಹಾಕಿಸಿದೆ. ಇಲ್ಲೇ ಹುಟ್ಟಿ ಬೆಳೆದ ನಿಮಗೇ ಗೊತ್ತಿಲ್ಲ ಅಂದ್ರೆ?"

ಹಾಗಾದರೆ ನಿಜವಾದ ಇತಿಹಾಸವೊಂದು ಇತ್ತು. ಎಂಟು ವರ್ಷ ಅದರ ಮೇಲೆ ತನ್ನ ಸುಳ್ಳನ್ನು ಹೇರಿದ್ದಳು. ದೇವರು ಲೆಕ್ಕ ಚುಕ್ತಾ ಮಾಡಿದ. ಹೆಲ್ಮೆಟ್ಟನ್ನು ಮೊಳೆಗೆ ತೂಗುಹಾಕಿದಳು. ಅವಳ ತಮ್ಮ ಮುಖ ಆಚೆ ತಿರುಗಿಸಿದ.

ಅಜ್ಜಿ ಅವಳ ಕೈ ಹಿಡಿದರು. "ಪರೀಕ್ಷೆ ಮುಗೀತಲ್ಲ. ಈಗಾದ್ರೂ ಆ ಕಥೆ ಹೇಳು ತಾಯಿ. ತಂಗಿ ಮುಂದೆ ನನ್ನ ಮಾನ ಹೋಗುತ್ತೆ."

ಇನ್ನು ಹೋಗುವುದೇನಿತ್ತು? ಕಥೆಯಕ್ಕ ಅಜ್ಜಿಯ ಪಕ್ಕ ಕೂತಳು.

"ಒಬ್ಬ ಕಲ್ಲುಕುಟಿಗನ ಹೆಂಡತಿ ದಿನಾ ಸಂಜೆ ಆ ಕಿಟಕಿಯಲ್ಲಿ ದೀಪ ಇಡ್ತಿದ್ಲು. ಏರು ಹತ್ತೋರಿಗೆಲ್ಲ ಅದೇ ದಾರಿ ತೋರಿಸ್ತಿತ್ತು. ಆದ್ರೆ ಅವಳು ಕಾಯ್ತಿದ್ದವನು ಮಾತ್ರ ಬರ್ಲಿಲ್ಲ..."

ಪರೀಕ್ಷಕರ ತಲೆ ಮೇಲೆದ್ದಿತು. ಪುಸ್ತಕ ತೆರೆದರು. ಸಾಲುಗಳ ಮೇಲೆ ಬೆರಳು ಓಡತೊಡಗಿತು. ಸುಳ್ಳು ಹಿಡಿಯುತ್ತಿದ್ದಾರೆ, ಹಿಡಿಯಲಿ. ಕಥೆಯಕ್ಕ ಮುಂದುವರಿಸಿದಳು.

"ಒಂದಿನ ದಣಿದು ಬಂದೋರೆಲ್ಲ ಆ ಕಿಟಕಿ ಕೆಳಗೆ ಕೂತ್ರು... ಈಗ ಎಲ್ಲರೂ ನೀರು ಕುಡೀರಿ—"

ನಾಲಿಗೆ ಕಚ್ಚಿಕೊಂಡಳು. ಹಾಳು ಅಭ್ಯಾಸ.

"ನಿಲ್ಲಿಸಬೇಡಿ, ಅಕ್ಷರಕ್ಕೆ ಅಕ್ಷರ ಸರಿಯಾಗಿದೆ!" ಪರೀಕ್ಷಕರು ಒಂದು ಕೈಯಲ್ಲಿ ರಬ್ಬರು ಹುಡುಕುತ್ತ, ಇನ್ನೊಂದು ಕೈಯ ಬೆರಳಿಟ್ಟು ಮುಂದಿನ ಸಾಲನ್ನು ತಾವೇ ಓದಿದರು: "'ಗುಟುಕು ಗುಟುಕಾಗಿ, ಗಟಗಟ ಬೇಡ' ಎಂದು ಆ ಮಹಾತಾಯಿ ಕಿಟಕಿಯಿಂದ ದಾರಿಹೋಕರಿಗೆ ಕೂಗಿ ಹೇಳಿದಳು."