ಬಾಯಲ್ಲ, ಬಂಡೆ

"ಬಾಯಿಲೆ ಬಾರ್ಸೋದು ಬಿಡಲೇ ಮೌನೇಶ!" ಎಂದು ಸಿದ್ದರಾಮಪ್ಪ ನಕ್ಕರು. ಅವರ ಹೊಲದ ಬಂಡೆಗೆ ಮೌನೇಶ ಆಗಷ್ಟೇ ಗುಂಡುಕಲ್ಲಿನಿಂದ ಬಡಿದಿದ್ದ. ಅದು ಗುಡಿಯ ಗಂಟೆಯಂತೆ ಠಣ್ಣೆಂದಿತ್ತು. ಆದಿಮಾನವರು ಬಡಿದು ಬಡಿದೇ ಕುಳಿ ಬಿದ್ದ ಕಲ್ಲದು. ಆದರೆ ಅವನ ಹಿಂದೆ ನಡೆದು ಬಂದಿದ್ದ ರಾಯಚೂರಿನ ಕಾಲೇಜು ತಂಡವೂ ಆ ಸದ್ದು ಕಲ್ಲಿನದೆಂದು ನಂಬಲಿಲ್ಲ. ಹೇಗೆ ನಂಬಿಯಾರು? ಪಾಳುಗುಡಿ, ವೀರಗಲ್ಲು ತೋರಿಸುತ್ತ ದಾರಿಯುದ್ದಕ್ಕೂ ರೈಲು, ನವಿಲು, ಪ್ರಿನ್ಸಿಪಾಲರ ದನಿ ತೆಗೆದು ನಗಿಸಿದವನು ಅವನೇ.

ಬಂಡೆ ಒಡೆದು ಹೊಲ ಸಮ ಮಾಡಲು ಬಂದ ಜೆಸಿಬಿ ಬದುವಿನಲ್ಲಿ ಗುರುಗುಡುತ್ತಿತ್ತು. ಮೌನೇಶ ಗೆಳತಿ ಕಾವ್ಯಾಳ ಬಾಟಲಿ ಕಸಿದುಕೊಂಡು ಕೆನ್ನೆ ಉಬ್ಬುವಷ್ಟು ನೀರು ತುಂಬಿಕೊಂಡ. ಗುಂಡುಕಲ್ಲನ್ನು ಸಿದ್ದರಾಮಪ್ಪನವರ ಕೈಗೇ ಇಟ್ಟ.

"ಈಗ ನೀವ ಬಡೀರಿ ಯಪ್ಪಾ! ಅಂವ ಒದರಿದ್ರ ನೀರು ನಿಮ್ಮ ಮ್ಯಾಲೇ ಬೀಳ್ತದ," ಎಂದಳು ಕಾವ್ಯಾ.

ಅವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತು ಬಡಿದರು. ಠಣ್! ಎಲ್ಲರ ಕಣ್ಣೂ ಮೌನೇಶನ ಬಾಯಿಯ ಮೇಲೆ. ಒಂದು ಹನಿಯೂ ಹೊರಬಿದ್ದಿರಲಿಲ್ಲ. ಪಕ್ಕದ ಕುಳಿಗೆ ಬಡಿದರು. ಇನ್ನೂ ಏರಿದ ಸ್ವರ. ತಂಡ ಹೋ ಎಂದು ಕುಣಿಯಿತು. ಸಿದ್ದರಾಮಪ್ಪ ಜೆಸಿಬಿ ಚಾಲಕನತ್ತ ತಿರುಗಿ ಕೂಗಿದರು: "ಲೇ, ಆ ಗಾಡಿ ಬಂದ್ ಮಾಡಲೇ! ಓಡಿ ಹೋಗಿ ಭಜನಿ ಮಂದೀನ ಕರಕೊಂಡು ಬಾ!"