ಮೊದಲ ಲೋಟ

ಹಸುಗಳ ಹಾಲಿನಲ್ಲಿ ಉಸಿರು ಕಟ್ಟಿಸುವ ಪ್ರೋಟೀನು ಸೇರಿಕೊಂಡು ಒಂಬತ್ತು ವರ್ಷವಾಗಿತ್ತು. ಕುದಿಸಿದರೂ ಅದು ಹೋಗುತ್ತಿರಲಿಲ್ಲ. ಅದಕ್ಕೇ ಓಣಿಗೊಂದು ಗಾಜಿನ ಕೊಳವೆ ಬಂದಿತ್ತು, ಅದರ ತುಂಬ ಸ್ಪಂಜಿನಂತೆ ತೂತುತೂತಾದ ಬಿಳಿ ಪಾಲಿಮರ್. ಹಾಲು ಅದರೊಳಗಿಂದ ಇಳಿದರೆ ವಿಷ ಅಲ್ಲೇ ಉಳಿಯುತ್ತಿತ್ತು. ಕೊಳವೆ ನಡೆಸುವವರು ಎಲ್ಲರೆದುರು ಮೊದಲ ಲೋಟ ಕುಡಿಯಬೇಕು. ಆಮೇಲೆಯೇ ಹಂಚಿಕೆ.

ಅಂದು ಹಾಲು ಎಂದಿಗಿಂತ ಬೇಗ ಇಳಿಯಿತು. ಕೊಳವೆ ನಡೆಸುವ ದ್ಯಾಮವ್ವ ಗಾಜಿನ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ತಣ್ಣೀರಿನಲ್ಲಿ ತೊಳೆಯಲು ಎರಡು ತಾಸು ಬೇಕು. ಬಿಸಿನೀರಾದರೆ ಹತ್ತು ನಿಮಿಷ ಸಾಕು, ಆದರೆ ಪಾಲಿಮರ್ ಕುಗ್ಗಿ ಗಾಜಿನಿಂದ ಬಿಟ್ಟುಕೊಳ್ಳುತ್ತದೆ, ಹಾಲು ವಿಷದ ಸಮೇತ ಆ ಸಂದಿಯಲ್ಲೇ ಜಾರಿ ಬರುತ್ತದೆ. ಇಂದು ತೊಳೆದವಳು ಮೈದುನನ ಹೆಂಡತಿ ನೀಲವ್ವ.

"ತಣ್ಣೀರಾಗ ತೊಳದಿ ಹೌದಿಲ್ಲೋ?"

"ಹೂಂ ಅಕ್ಕಾ. ಎರಡು ತಾಸು ಹಿಡೀತು."

ಸಾಲಿನಲ್ಲಿ ಪಾತ್ರೆಗಳು ಸದ್ದು ಮಾಡಿದವು. "ಲಗೂನ ಕುಡಿ ದ್ಯಾಮವ್ವಾ, ಕೂಸು ಅಳಾಕತ್ತೈತಿ," ಎಂದು ಯಾರೋ ಕೂಗಿದರು.

ದ್ಯಾಮವ್ವ ಲೋಟ ತುಂಬಿ ನೀಲವ್ವನ ಮುಂದೆ ಹಿಡಿದಳು. "ಇವತ್ತ ನೀ ಕುಡಿ."

"ನನಗ ಹೊಟ್ಟಿ ಸರಿ ಇಲ್ಲ ಅಕ್ಕಾ."

"ಹಂಗಾದ್ರ ನಾನ ಕುಡೀತೀನಿ."

ದ್ಯಾಮವ್ವ ಅವಳ ಮುಖವನ್ನೇ ನೋಡುತ್ತ ನಿಧಾನವಾಗಿ ಲೋಟ ಎತ್ತಿದಳು. ಲೋಟದ ಅಂಚು ತುಟಿಗೆ ತಾಗಿತು. ನೀಲವ್ವ ನೆಲ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

ದ್ಯಾಮವ್ವ ಹಾಲನ್ನು ಮೋರಿಗೆ ಚೆಲ್ಲಿದಳು. "ಕೊಳವಿ ಕೆಟ್ಟೈತ್ರೀ, ಇವತ್ತ ಹಾಲಿಲ್ಲ," ಎಂದು ಸಾಲಿಗೆ ಕೂಗಿ ಹೇಳಿದಳು. ಆಮೇಲೆ ನೀಲವ್ವನಿಗೆ ಮಾತ್ರ ಕೇಳುವಂತೆ ಅಂದಳು:

"ಇನ್ನ ಮ್ಯಾಲೆ ನನ್ನ ಅಕ್ಕಾ ಅನಬ್ಯಾಡ."