ಎಡಗಡೆ ಸೀಟು

ಮುಂದಿದ್ದ ಲಾರಿಯ ಬೆನ್ನು ಬಿಟ್ಟರೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ಈ ದೇಶದಲ್ಲಿ ಎಲ್ಲರೂ ರಸ್ತೆಯ ಬಲಕ್ಕೆ ಓಡಿಸುತ್ತಾರೆ. ಹಟ ಹಿಡಿದು ಊರಿನಿಂದ ಹಡಗಿನಲ್ಲಿ ತರಿಸಿಕೊಂಡ ಅವನ ಹಳೇ ಕಾರಿನ ಸ್ಟಿಯರಿಂಗೂ ಬಲಕ್ಕೇ. ಎದುರಿನಿಂದ ಬರುವ ಗಾಡಿ ಕಾಣುವುದು ಎಡಗಡೆ ಕೂತ ಹೆಂಡತಿಗೆ ಮಾತ್ರ.

ಒಂದು ಗಂಟೆಯಿಂದ ಲಾರಿಯ ಹೊಗೆ ಕುಡಿದು ಸಾಕಾಗಿತ್ತು. "ಎದುರಿಗೆ ಏನಾದ್ರೂ ಬರ್ತಿದ್ಯಾ, ನೋಡೇ."

"ಗಾಡಿ ಓಡಿಸೋವಾಗ ಬಾಯಿ ಹಾಕ್ಬೇಡ ಅಂತ ಇಪ್ಪತ್ತು ವರ್ಷದಿಂದ ಹೇಳ್ತಿದ್ರಲ್ಲ," ಎಂದಳು, ಕಣ್ಣು ಮುಚ್ಚಿಕೊಂಡೇ.

ಅವನೇ ಸ್ವಲ್ಪ ಎಡಕ್ಕೆ ತಿರುಗಿಸಿ ಇಣುಕಿದ. ಎದುರಿನಿಂದ ಹಾರನ್ ಕಿರುಚಿತು. ಗಾಬರಿಯಿಂದ ಮತ್ತೆ ಲಾರಿಯ ಹಿಂದೆ ಸೇರಿಕೊಂಡ. ಹಾರನ್ ಸದ್ದಿಗೆ ಕಣ್ಣು ಬಿಟ್ಟ ಅವಳು ಕನ್ನಡಕ ಒರೆಸಿ ಹಾಕಿಕೊಂಡು, ಕಿಟಕಿಗೆ ಒರಗಿ ದೂರ ದಿಟ್ಟಿಸಿದಳು.

"ತಡೀರಿ... ಆ ಬಸ್ಸು ಹೋಗ್ಲಿ... ಹಾಂ, ಈಗ ಹೋಗಿ."

ಅವನು ಇಣುಕಿ ನೋಡದೆ ಎಡಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದ.